ಬ್ರೆಜಿಲಿನ ನೆಲ, ನಮ್ಮ ಕಾಫಿಯ ದರ

ಕಾಫಿಯ ದರ ಏರಲಿ, ಇಳಿಯಲಿ, ಸದಸ್ಯ ಬಾಂಧವರು ಸಂಘದ ಕಛೇರಿಗೆ ಬಂದು ಕೇಳುವುದು ಒಂದೇ ಪ್ರಶ್ನೆ: "ಬ್ರೆಜಿಲಿನಲ್ಲಿ ಏನಾಯಿತಂತೆ?" ಪ್ರಪಂಚದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಬೆಳೆಯುವ ಆ ದೇಶದ ನೆಲವನ್ನು ಅರಿಯದೆ ಇದಕ್ಕೆ ಉತ್ತರ ಹೇಳಲಾಗದು.

ಬ್ರೆಜಿಲಿನ ವಿಸ್ತೀರ್ಣ ಸುಮಾರು 85 ಲಕ್ಷ ಚದರ ಕಿಲೋಮೀಟರ್, ಎಂದರೆ ನಮ್ಮ ದೇಶದ ಎರಡೂವರೆ ಪಟ್ಟು. ಉತ್ತರದಲ್ಲಿ ಅಮೆಜಾನ್ ಕಾಡು. ಅದರ ನದೀಮುಖದ ಜೌಗಿನಲ್ಲಿ ಅಡಿಕೆಯ ದಾಯಾದಿಯಂತಿರುವ ಅಸಾಯಿ ಎಂಬ ಮರವಿದೆ. ಅಲ್ಲಿಯವರು ಹಣ್ಣಿನ ತೆಳುವಾದ ತಿರುಳನ್ನು ಉಂಡು ಬೀಜವನ್ನು ಎಸೆಯುತ್ತಾರೆ. ನಾವು ಮಾಡುವುದು ಇದಕ್ಕೆ ತದ್ವಿರುದ್ಧ! ಈಶಾನ್ಯದಲ್ಲಿ ಮುಳ್ಳುಗಾಡಿನ ಒಣಸೀಮೆ, ಪಶ್ಚಿಮದಲ್ಲಿ ಪಂತನಾಲ್ ಎಂಬ ಮಹಾ ಜೌಗು, ದಕ್ಷಿಣದ ತುದಿಯಲ್ಲಿ ಹುಲ್ಲುಗಾವಲು. ಕಾಫಿಯ ಬಹುಪಾಲು ಇರುವುದು ಇವೆಲ್ಲಕ್ಕೂ ಹೊರಗೆ, ಆಗ್ನೇಯ ಭಾಗದಲ್ಲಿ.

ಅಲ್ಲಿ ಕರಾವಳಿಯುದ್ದಕ್ಕೂ ನಮ್ಮ ಮಲೆನಾಡನ್ನು ಹೋಲುವ ಅಟ್ಲಾಂಟಿಕ್ ಕಾಡಿತ್ತು. 19ನೆಯ ಶತಮಾನದಲ್ಲಿ ಪರೈಬಾ ಕಣಿವೆಯ ಜಮೀನುದಾರರು ಗುಲಾಮರ ದುಡಿಮೆಯಿಂದ ಆ ಕಾಡನ್ನು ಕಡಿಸಿ, ನೆರಳೇ ಇಲ್ಲದಂತೆ, ಇಳಿಜಾರಿನಲ್ಲಿ ಮೇಲಿನಿಂದ ಕೆಳಕ್ಕೆ ನೇರ ಸಾಲು ಹಿಡಿದು ಕಾಫಿ ನೆಡಿಸಿದರು. ಮಳೆಗೆ ಮೇಲ್ಮಣ್ಣು ಕೊಚ್ಚಿಹೋಯಿತು. ಕೆಲವೇ ದಶಕಗಳಲ್ಲಿ ತೋಟಗಳು ಬರಡಾಗಿ, ಕಾಫಿ ಪಶ್ಚಿಮದ ಸಾವೊ ಪಾಲೊ ಕೆಮ್ಮಣ್ಣಿಗೂ ಅನಂತರ ಪರಾನಾ ರಾಜ್ಯಕ್ಕೂ ಸರಿಯಿತು.

ಪರಾನಾದ ಮಣ್ಣು ಚಿನ್ನವೇ ಸರಿ. ಆದರೆ ಆಕಾಶ ನಂಬುವಂಥದಲ್ಲ. ನಮಗೆ ಉತ್ತರದ ಶೀತವನ್ನು ತಡೆಯಲು ಹಿಮಾಲಯವಿದೆ. ಅಲ್ಲಿ ದಕ್ಷಿಣ ಧ್ರುವದ ಕಡೆಯಿಂದ ಬರುವ ತಣ್ಣನೆಯ ಗಾಳಿಗೆ ಅಡ್ಡ ನಿಲ್ಲುವ ಬೆಟ್ಟವಿಲ್ಲ. 1975ರ ಜುಲೈ 18ರ ಹಿಮ ಆ ರಾಜ್ಯದ ತೋಟಗಳನ್ನು ಕರಕಲು ಮಾಡಿತು. 1977ರಲ್ಲಿ ನ್ಯೂಯಾರ್ಕ್ ದರ ಪೌಂಡಿಗೆ 3 ಡಾಲರ್ ಮೀರಿತು.

ಅಂದಿನಿಂದ ಕಾಫಿ ಉತ್ತರಕ್ಕೆ, ಮೀನಾಸ್ ಜೆರಾಯಿಸ್ ರಾಜ್ಯದತ್ತ ವಾಲಿತು. ಅಲ್ಲಿಯ ಸೆರಾಡೊ ಕುರುಚಲು ಬಯಲಿನ ಹುಳಿಮಣ್ಣು ಬೇಸಾಯಕ್ಕೆ ಬಾರದೆಂದೇ ಹಿಂದೆ ಎಣಿಸಿದ್ದರು. ಸುಣ್ಣ, ರಂಜಕ ಸುರಿದು ಅದನ್ನು ಹದಕ್ಕೆ ತಂದರು. ಸಮತಟ್ಟು ನೆಲವಾದ್ದರಿಂದ ಯಂತ್ರದಿಂದಲೇ ಕೊಯ್ಲು. ಕೊಯ್ಲಿನ ಕಾಲಕ್ಕೆ ಮಳೆಯ ಕಾಟವೂ ಕಡಿಮೆ. ಕೂಲಿಯ ಲೆಕ್ಕದಲ್ಲಿ ನಾವು ಅವರೊಡನೆ ಸ್ಪರ್ಧಿಸುವುದು ಆಗದ ಮಾತು.

ಆದರೂ ಅವರ ಪಾಡು ಸುರಕ್ಷಿತವಲ್ಲ. 2021ರ ಜುಲೈಯಲ್ಲಿ ಮೀನಾಸಿಗೂ ಹಿಮ ಬಿದ್ದಿತು. 2024ರಲ್ಲಿ ಬರ; 2025ರ ಫೆಬ್ರುವರಿಯಲ್ಲಿ ಅರೇಬಿಕಾ ದರ 4 ಡಾಲರ್ ದಾಟಿತು. ಅಮೆಜಾನ್ ಮರಗಳು ಉಸಿರಾಡಿದ ತೇವವನ್ನು ಹೊತ್ತ ಗಾಳಿ ಆಂಡೀಸ್ ಪರ್ವತಕ್ಕೆ ತಾಗಿ ದಕ್ಷಿಣಕ್ಕೆ ತಿರುಗುತ್ತದೆ. ಕಾಫಿ ಸೀಮೆಯ ಮಳೆಗೆ ಅದೂ ಒಂದು ಆಸರೆ. ಆ ಕಾಡು ಕರಗುತ್ತಿರುವುದು ದೂರದ ಸುದ್ದಿಯೆಂದು ನಾವು ತಳ್ಳಿಹಾಕುವಂತಿಲ್ಲ.

ಕಾಫಿ ಮಂಡಳಿಯ ಪೂಲ್ ಪದ್ಧತಿ 1990ರ ದಶಕದಲ್ಲಿ ನಿಂತ ಮೇಲೆ ಮಾರುವ ಹೊತ್ತನ್ನು ನಾವೇ ಆರಿಸಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿಯ ಹಿಮದ ಸುದ್ದಿ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹೂಮಳೆಯ ಸುದ್ದಿ, ಇವೆರಡನ್ನು ಗಮನಿಸಿದರೆ ನಮ್ಮ ಕೊಯ್ಲಿನ ವೇಳೆಗೆ ಅವರ ಮುಂದಿನ ಫಸಲಿನ ಅಂದಾಜು ಸ್ವಲ್ಪಮಟ್ಟಿಗೆ ಸಿಗುತ್ತದೆ. ಹತ್ತು ಮೂಟೆ ಇರುವವರು ನಾಲ್ಕನ್ನಾದರೂ ತಡೆದಿಡಬಹುದೇ ಎಂದು ಆಗ ಯೋಚಿಸಬಹುದು. ಸಾಲದ ಕಂತು ತಲೆಯ ಮೇಲಿರುವವರಿಗೆ ಈ ಮಾತು ಅನ್ವಯಿಸದು.