ನಿಮಗಿದು ಗೊತ್ತೆ? ಕೆರೆಯ ಚಿತ್ರಕ್ಕೆ ದಡದ ಬೆಳಕು

ಉಪಗ್ರಹ ತೆಗೆದ ಕೆರೆಯ ಚಿತ್ರದಲ್ಲಿ ದಡದ ಗಿಡಮರಗಳ ಬೆಳಕೂ ಬೆರೆತಿರುತ್ತದೆ! ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಸಿರೆಲೆ ಸುಮಾರು ಅರ್ಧದಷ್ಟು ಹಿಂದಕ್ಕೆ ಚಿಮ್ಮಿಸಿದರೆ, ತಿಳಿನೀರು ಬಹುಪಾಲು ನುಂಗಿಬಿಡುತ್ತದೆ. ದಡದಿಂದ ಮೇಲೆದ್ದ ಬೆಳಕು ಗಾಳಿಯಲ್ಲಿ ಚದುರಿ, ನೀರಿನಿಂದಲೇ ಬಂದಂತೆ ಕ್ಯಾಮೆರಾ ಸೇರುತ್ತದೆ. ದಡದಿಂದ ಹಲವು ಕಿಲೋಮೀಟರ್ ಒಳಗೂ ಇದರ ಕಾಟ ಇರಬಹುದು. ಸಣ್ಣ ಕೆರೆಯಂತೂ ಪೂರ್ತಿ ಸಿಕ್ಕಿಬೀಳುತ್ತದೆ. ಚಿತ್ರದಿಂದ ಗಾಳಿಯ ಪ್ರಭಾವ ಕಳೆಯುವ ತಂತ್ರಾಂಶ ಈ ಬೆರಕೆ ಬೆಳಕನ್ನು ಗಾಳಿಯ ದೂಳೆಂದು ಎಣಿಸಿ ಹೆಚ್ಚು ಕಳೆದುಬಿಟ್ಟರೆ, ನೀಲಿ ಬೆಳಕಿನ ಅಳತೆ ಸೊನ್ನೆಗಿಂತ ಕೆಳಗಿಳಿಯುವುದೂ ಉಂಟು. ಆಗ ನೀರಿನ ಬಣ್ಣ ನೋಡಿ ಮಾಡುವ ಪಾಚಿಯ ಅಂದಾಜನ್ನು ನಂಬುವುದು ಹೇಗೆ? ಯುರೋಪು 2002ರಲ್ಲಿ ಹಾರಿಸಿದ ಎನ್ವಿಸ್ಯಾಟ್ ಉಪಗ್ರಹದ ‘ಮೆರಿಸ್’ ಉಪಕರಣಕ್ಕಾಗಿ ‘ಐಕಾಲ್’ ಎಂಬ ತಿದ್ದುಪಡಿ ವಿಧಾನ ರೂಪುಗೊಂಡಿತು. ಸುತ್ತಲ ನೆಲದ ಹೊಳಪು ನೀರಿನ ಚಿತ್ರಕ್ಕೆ ಎಷ್ಟು ಸೋರಿದೆಯೆಂದು ಅಂದಾಜಿಸಿ, ಅಷ್ಟನ್ನು ಕಳೆಯುವುದು ಅದರ ಕೆಲಸ.