ಆರೋಪಿ ಮತ್ತು ಅಪರಾಧಿ

ಜನಸಾಮಾನ್ಯರಲ್ಲಿ ಬಹುಮಂದಿ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದವರಲ್ಲ. ಅವರಿಗೆ ನ್ಯಾಯಾಲಯದ ಪರಿಚಯವಾಗುವುದು ತೆರೆಯ ಮೇಲಿನ ಕತೆಗಳಿಂದಲೇ. ಆದುದರಿಂದ ಇಂತಹ ಕತೆಗಳು ನಮ್ಮ ನ್ಯಾಯಪದ್ಧತಿಯನ್ನು ಹೇಗೆ ಚಿತ್ರಿಸುತ್ತವೆ ಎಂಬುದು ವಿಚಾರಾರ್ಹವಾದ ವಿಷಯ. 2019ರಲ್ಲಿ ಅಂತರ್ಜಾಲದ ಮೂಲಕ ಪ್ರಸಾರವಾದ ‘ಕ್ರಿಮಿನಲ್ ಜಸ್ಟಿಸ್’ ಎಂಬ ಹಿಂದಿ ಧಾರಾವಾಹಿ ಇದಕ್ಕೊಂದು ನಿದರ್ಶನ. 2008ರಲ್ಲಿ ಬಿ.ಬಿ.ಸಿ. ಪ್ರಸಾರಮಾಡಿದ ಅದೇ ಹೆಸರಿನ ಕತೆಯನ್ನು ಮುಂಬಯಿಯ ಬದುಕಿಗೆ ಒಗ್ಗಿಸಿ ಇದನ್ನು ರಚಿಸಲಾಗಿದೆ.

ಆದಿತ್ಯನೆಂಬ ತರುಣನು ಓಡಿಸುತ್ತಿದ್ದ ಬಾಡಿಗೆ ಕಾರನ್ನು ಒಂದು ರಾತ್ರಿ ಯುವತಿಯೊಬ್ಬಳು ಏರುತ್ತಾಳೆ. ಬೆಳಗಾಗುವುದರೊಳಗೆ ಆಕೆಯ ಕೊಲೆಯಾಗಿರುತ್ತದೆ. ನಡೆದುದೇನೆಂಬುದು ಅವನಿಗೇ ನೆನಪಿಲ್ಲ. ಸಾಕ್ಷ್ಯಗಳೆಲ್ಲ ಅವನತ್ತಲೇ ಬೆರಳು ಮಾಡುತ್ತವೆ. ತೀರ್ಪು ಬರುವ ಮೊದಲೇ ಅವನು ಸೆರೆಮನೆಯ ಕ್ರೌರ್ಯವನ್ನು ಅನುಭವಿಸಬೇಕಾಗುತ್ತದೆ.

ಕಾನೂನಿನ ದೃಷ್ಟಿಯಲ್ಲಿ ಆರೋಪಿಯು ಅಪರಾಧಿಯಲ್ಲ. ಬಂಧಿತನನ್ನು, ಪ್ರಯಾಣದ ಕಾಲವನ್ನು ಬಿಟ್ಟು, 24 ಗಂಟೆಗಳೊಳಗಾಗಿ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ಪೊಲೀಸರೆದುರು ಮಾಡಿದ ತಪ್ಪೊಪ್ಪಿಗೆಯು ಸಾಮಾನ್ಯವಾಗಿ ಅವನ ವಿರುದ್ಧ ಸಾಕ್ಷ್ಯವಾಗಲಾರದು. ಬಡವನಿಗೆ ಉಚಿತ ಕಾನೂನು ನೆರವು ದೊರೆಯಬೇಕೆಂಬುದು 39ಎ ವಿಧಿಯ ಆಶಯ. ಅಧಿಕಾರವುಳ್ಳವರೂ ತಪ್ಪಬಹುದು ಎಂಬ ಅರಿವೇ ಈ ನಿಯಮಗಳ ಮೂಲ.

ಆದರೆ ನಿಯಮಕ್ಕೂ ಆಚರಣೆಗೂ ಇರುವ ಅಂತರ ದೊಡ್ಡದು. 2022ರ ಕೊನೆಯಲ್ಲಿ ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಎಂದರೆ, ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಿದ್ಧವಾಗಿರಲಿಲ್ಲ. ಬಿಹಾರದಲ್ಲಿ ಕೆಲವರು, ಅಪರಾಧ ಸಿದ್ಧವಾಗಿದ್ದರೆ ವಿಧಿಸಬಹುದಾಗಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆಯೇ ಸೆರೆಯಲ್ಲಿದ್ದರು. 1979ರಲ್ಲಿ ಹುಸೇನಾರಾ ಖಾತೂನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಕಂಡು, ತ್ವರಿತ ವಿಚಾರಣೆಯು 21ನೆಯ ವಿಧಿಯಲ್ಲಿ ಅಡಗಿರುವ ಮೂಲಭೂತ ಹಕ್ಕೆಂದು ಸಾರಿತು. ತೀರ್ಪಿಗೆ ಮುಂಚಿನ ಸೆರೆವಾಸವೂ ಒಂದು ಶಿಕ್ಷೆಯೇ ಎಂಬ ಈ ಕಟುಸತ್ಯವನ್ನು ಧಾರಾವಾಹಿಯು ಮನಮುಟ್ಟುವಂತೆ ತೋರಿಸುತ್ತದೆ.

ಆದರೂ ಇಂತಹ ಕತೆಗಳಿಂದ ಒಂದು ತಪ್ಪು ಭಾವನೆ ಮೂಡುವುದುಂಟು. ಕತೆಯಲ್ಲಿ ಸಾಮಾನ್ಯವಾಗಿ ವಕೀಲನೇ ಪತ್ತೇದಾರನಾಗಿ ನಿಜವಾದ ಕೊಲೆಗಾರನನ್ನು ಹಿಡಿದುಕೊಡುತ್ತಾನೆ. ಆಗಲೇ ಪ್ರೇಕ್ಷಕನಿಗೆ ಸಮಾಧಾನ. ಕಾನೂನು ಅಷ್ಟನ್ನು ಬೇಡುವುದಿಲ್ಲ. ಆರೋಪವನ್ನು ಸಂಶಯಾತೀತವಾಗಿ ರುಜುವಾತುಪಡಿಸುವ ಹೊಣೆ ಆರೋಪ ಹೊರಿಸಿದವರದು. ಕೊಲೆಗಾರನಾರೆಂಬುದು ತಿಳಿಯದೆ ಹೋದರೂ, ಸಮಂಜಸವಾದ ಸಂಶಯ ಉಳಿದಲ್ಲಿ ಆರೋಪಿಯನ್ನು ಬಿಡುಗಡೆ ಮಾಡಲೇಬೇಕು.

ತೆರೆಯ ಮುಂದೆ ಕುಳಿತು ಆರೋಪಿಯ ಮುಖ ಕಂಡೊಡನೆ ತೀರ್ಪು ನೀಡುವುದು ಸುಲಭ. ಸಾಕ್ಷ್ಯ ಪೂರ್ಣವಾಗುವವರೆಗೆ ತೀರ್ಪನ್ನು ತಡೆದಿಟ್ಟುಕೊಳ್ಳುವುದು ಕಷ್ಟ. ಆ ಸಂಯಮವು ನ್ಯಾಯಾಧೀಶರಿಗೆ ಎಷ್ಟು ಅಗತ್ಯವೋ, ಪ್ರಜಾಪ್ರಭುತ್ವದ ಪ್ರಜೆಗೂ ಅಷ್ಟೇ ಅಗತ್ಯ.