ಕಾಗದ ಮಡಚುತ್ತಾ ಕಲಿತ ಪಾಠ

ನಾವಿರೋದು ಅಮೆರಿಕದ ಟೆಕ್ಸಾಸ್‌ನಲ್ಲಿ. ಇಲ್ಲಿನ ಶಾಲೆಗಳಲ್ಲಿ ಚುರುಕು ಮಕ್ಕಳಿಗೆ ‘ಗಿಫ್ಟೆಡ್’ ಅನ್ನೋ ವಿಶೇಷ ತರಗತಿ ಇರುತ್ತೆ. ಒಂದನೇ ಕ್ಲಾಸಿನ ನನ್ನ ಮಗಳಿಗೆ ಅದಕ್ಕಾಗಿ ಕೋಗ್ಯಾಟ್ ಪರೀಕ್ಷೆ ಇತ್ತು. ಮಾತು, ಸಂಖ್ಯೆ, ಆಕೃತಿ ಅಂತ 3 ಭಾಗ. ಗೆಳತಿಯರೆಲ್ಲ ಅಭ್ಯಾಸದ ಪುಸ್ತಕ ತಂದ್ರು, ನಾನೂ ತಂದೆ. ದಿನಾ ಸಂಜೆ ಒಂದು ಗಂಟೆ ಕೂರಿಸಿದೆ. ಎರಡೇ ವಾರಕ್ಕೆ ಮಗು ಉಗುರು ಕಚ್ಚೋಕೆ ಶುರು ಮಾಡಿತು. ಒಂದು ರಾತ್ರಿ ಕೇಳಿದಳು: “ಅಮ್ಮಾ, ಪಾಸಾಗದಿದ್ರೆ ನಾನು ದಡ್ಡೀನಾ?”

ಕರುಳು ಚುರುಕ್ ಅಂತು. ಪುಸ್ತಕ ಎತ್ತಿಟ್ಟೆ. ಮಡಚಿದ ಕಾಗದಕ್ಕೆ ತೂತು ಮಾಡಿದರೆ, ಬಿಡಿಸಿದಾಗ ಹೇಗೆ ಕಾಣುತ್ತೆ ಅನ್ನೋ ಪ್ರಶ್ನೆ ಆಕೃತಿ ಭಾಗದಲ್ಲಿರುತ್ತೆ. ಹಳೇ ಪೇಪರು, ಕತ್ತರಿ ಹಿಡಿದು ಅದನ್ನೇ ಆಟ ಮಾಡಿಕೊಂಡೆವು. ಸಂಖ್ಯೆಗೆ ಚೌಕಾಬಾರ, ಮಾತಿಗೆ ಫೋನಿನಲ್ಲಿ ಅಜ್ಜಿಯ ಒಗಟು. ಹತ್ತು ನಿಮಿಷ, ಅವಳು ಸಾಕು ಅಂದ್ರೆ ಸಾಕು.

ಅವಳಿಗೆ ಸೀಟು ಸಿಗಲಿಲ್ಲ. ನನಗೆ ಬೇಜಾರಾಯ್ತು, ಸುಳ್ಳು ಹೇಳೋಲ್ಲ. ಅವಳು ಮಾತ್ರ ಪೇಪರು ಹಿಡಿದು ಬಂದು, “ಇವತ್ತು ನಾಲ್ಕು ಸಲ ಮಡಚೋಣ!” ಅಂದಳು.

ಪ್ರಶ್ನೆಗಳು ಹೇಗಿರುತ್ತವೆ ಅಂತ ಮಗುವಿಗೆ ಖಂಡಿತ ತೋರಿಸಿ. ಆದರೆ ಅದರ ನಿದ್ದೆ ಕೆಡಿಸಬೇಡಿ. ಮಗಳು ಈಗ ಉಗುರು ಕಚ್ಚೋದು ಬಿಟ್ಟಿದ್ದಾಳೆ. ನನಗಷ್ಟು ಸಾಕು.